ಡಿಎನ್‌ಎ ಹೊಂದಿಕೆಯಾಯಿತು ಎಂದರೆ ಅಪರಾಧ ಸಾಬೀತಾದಂತೆಯೇ?

ನೀವು ಕೇಳಿರುವುದು ಇಷ್ಟು: ಚಾಕುವಿನ ಹಿಡಿಯ ಮೇಲಿದ್ದ ಡಿಎನ್‌ಎ ಆರೋಪಿಯ ಡಿಎನ್‌ಎಗೆ ಹೊಂದುತ್ತದೆ ಎಂದು ವರದಿ ಬಂದ ಮೇಲೆ ನ್ಯಾಯಾಲಯ ಇನ್ನೇನನ್ನು ನೋಡಬೇಕು? ನೋಡಬೇಕಾದ್ದು ಬಹಳ ಇದೆ. ‘ಇದು ಯಾರದಿರಬಹುದು’ ಎಂಬುದಕ್ಕಷ್ಟೇ ಆ ವರದಿ ಉತ್ತರ ಕೊಡುತ್ತದೆ. ಹಿಡಿಗೆ ಅದು ಯಾವಾಗ ಅಂಟಿತು, ಹೇಗೆ ಅಂಟಿತು ಎಂಬುದು ಅದರಲ್ಲಿ ಇರುವುದಿಲ್ಲ.

ಪ್ರಯೋಗಾಲಯದಲ್ಲಿ ಇಡೀ ಡಿಎನ್‌ಎಯನ್ನು ಯಾರೂ ಓದುವುದಿಲ್ಲ. ಡಿಎನ್‌ಎಯ ರಾಸಾಯನಿಕ ಅಕ್ಷರಗಳ ಸಣ್ಣ ಗುಂಪೊಂದು ಮತ್ತೆ ಮತ್ತೆ ಬರುವ ಇಪ್ಪತ್ತು ಚಿಲ್ಲರೆ ಜಾಗಗಳನ್ನು ಮಾತ್ರ ಅಳೆಯುತ್ತಾರೆ. ಇವುಗಳಿಗೆ ಎಸ್‌ಟಿಆರ್ ಎಂದು ಹೆಸರು. ಟಿಎಚ್01 ಎಂಬ ಜಾಗವನ್ನೇ ತೆಗೆದುಕೊಳ್ಳಿ. ಅಲ್ಲಿ ನಾಲ್ಕಕ್ಷರದ ಗುಂಪು ಎಷ್ಟು ಸಲ ಬಂದಿದೆ ಎಂದು ಎಣಿಸಿದಾಗ ಒಬ್ಬರಿಗೆ ‘6, 9.3’ ಎಂದು ಬರಬಹುದು. ಒಂದು ತಾಯಿಯ ಕಡೆಯದು, ಇನ್ನೊಂದು ತಂದೆಯ ಕಡೆಯದು. 9.3 ಎಂದರೆ ಒಂಬತ್ತು ಪೂರ್ತಿ ಗುಂಪು, ಮೇಲೆ ಮೂರೇ ಅಕ್ಷರ. ವಸ್ತುವಿಗೆ ಅಂಟಿದ ಕಲೆಯಿಂದ ಡಿಎನ್‌ಎ ಬೇರ್ಪಡಿಸಿ, ಎಷ್ಟಿದೆ ಎಂದು ಅಳೆದು, ಪಿಸಿಆರ್ ಎಂಬ ನಕಲು ವಿಧಾನದಲ್ಲಿ ಸುಮಾರು 29 ಸುತ್ತು ನಕಲು ಮಾಡುತ್ತಾರೆ. ಸುತ್ತಿಗೊಮ್ಮೆ ಇಮ್ಮಡಿಯಾದರೆ ಲೆಕ್ಕಕ್ಕೆ 50 ಕೋಟಿಗೂ ಹೆಚ್ಚು ಪ್ರತಿ. ಆಮೇಲೆ ಯಂತ್ರ ಅವುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ಗ್ರಾಫಿನಲ್ಲಿ ಶಿಖರಗಳಾಗಿ ತೋರಿಸುತ್ತದೆ.

ತೊಡಕು ಶುರುವಾಗುವುದು ಪ್ರಮಾಣ ಕಡಿಮೆಯಾದಾಗ. ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. ಪರೀಕ್ಷೆ ಸಲೀಸಾಗಿ ನಡೆಯಲು ಬೇಕಾದ್ದು ಅರ್ಧದಿಂದ ಒಂದು ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಎಂದರೆ ಸಾವಿರ ಪಿಕೋಗ್ರಾಂ), ಅಂದರೆ 75ರಿಂದ 150 ಕೋಶಗಳಷ್ಟು. ಬರೀ ಕೈ ತಗುಲಿದ ಹಿಡಿಯಲ್ಲಿ ಕೆಲವೊಮ್ಮೆ ಹದಿನೈದು ಕೋಶ ಸಿಕ್ಕರೂ ಹೆಚ್ಚೇ. ಅಷ್ಟು ಕಡಿಮೆಯಾದಾಗ ಎರಡು ಶಿಖರ ಕಾಣಬೇಕಾದಲ್ಲಿ ಒಂದು ಕಾಣದೇ ಹೋಗುತ್ತದೆ, ಎಲ್ಲಿಂದಲೋ ಬಂದ ಶಿಖರವೊಂದು ಸೇರಿಕೊಳ್ಳುತ್ತದೆ. ಇದರ ಜೊತೆಗೆ ‘ಸ್ಟಟರ್’ ಇದೆ: ನಕಲು ಮಾಡುವಾಗ ಕಿಣ್ವ ಜಾರಿ, ನಿಜವಾದ ಶಿಖರಕ್ಕಿಂತ ಒಂದು ಗುಂಪು ಕಡಿಮೆಯ ಜಾಗದಲ್ಲಿ ಅದರ ಶೇ. 5ರಿಂದ 15ರಷ್ಟು ಎತ್ತರದ ಮರಿ ಶಿಖರ ಏಳುತ್ತದೆ. ಒಬ್ಬರದೇ ಕಲೆಯಾದರೆ ಗುರುತಿಸುವುದು ಸುಲಭ. ಮೂರು ಜನರ ಬೆರಕೆಯಾದರೆ ಅದು ಸ್ಟಟರೋ, ಮೂರನೆಯವರ ನಿಜವಾದ ಶಿಖರವೋ ಎಂದು ಪರಿಣತರಲ್ಲೇ ಭಿನ್ನಾಭಿಪ್ರಾಯ ಬರುತ್ತದೆ. ಆದ್ದರಿಂದ ಕಲೆಯ ಗ್ರಾಫನ್ನು ಮೊದಲು ಓದಿ ದಾಖಲಿಸಿ, ಆಮೇಲಷ್ಟೇ ಆರೋಪಿಯ ಗ್ರಾಫನ್ನು ನೋಡಬೇಕು. ಈ ಕ್ರಮ ತಿರುವುಮುರುವಾದರೆ ಬೇಕಾದ ಶಿಖರ ಮಾತ್ರ ಕಣ್ಣಿಗೆ ಬೀಳುತ್ತದೆ.

ಇನ್ನು ಸಂಖ್ಯೆಯ ವಿಷಯ. ‘ಹತ್ತು ಲಕ್ಷದಲ್ಲಿ ಒಂದು’ ಎಂದು ವರದಿಯಲ್ಲಿದ್ದರೆ, ಸಂಬಂಧವೇ ಇಲ್ಲದ ಯಾರೋ ಒಬ್ಬರಲ್ಲಿ ಇದೇ ನಕ್ಷೆ, ಅಂದರೆ ಅಳೆದ ಜಾಗಗಳಲ್ಲೆಲ್ಲ ಇದೇ ಎಣಿಕೆಗಳು, ಇರುವ ಸಂಭವ ಅಷ್ಟು ಎಂದರ್ಥ. ಆರೋಪಿ ನಿರಪರಾಧಿಯಾಗಿರುವ ಸಂಭವ ಅಷ್ಟೇ ಎಂದಲ್ಲ. ಒಂದು ಕೋಟಿ ಜನರಿರುವಲ್ಲಿ ಆ ನಕ್ಷೆ ಸುಮಾರು ಹತ್ತು ಜನರಿಗೆ ಹೊಂದಬಹುದು! ಪೂರ್ಣ ನಕ್ಷೆ ಸಿಕ್ಕಾಗ ಸಂಭವ ಇದಕ್ಕಿಂತ ಎಷ್ಟೋ ಪಾಲು ಕಡಿಮೆ, ಅಲ್ಲಿ ಈ ಆತಂಕ ಬೇಡ. ಅರ್ಧಂಬರ್ಧ ನಕ್ಷೆಯಲ್ಲಿ ಎಚ್ಚರ ಬೇಕು. ಒಡಹುಟ್ಟಿದವರ ಲೆಕ್ಕವೇ ಬೇರೆ, ಏಕರೂಪಿ ಅವಳಿಗಳನ್ನು ಈ ಪರೀಕ್ಷೆ ಬೇರ್ಪಡಿಸಲಾರದು.

ನಕ್ಷೆ ಸರಿಯಾಗಿದ್ದೂ ಕಥೆ ತಪ್ಪಾಗಬಹುದು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದವರ ಉಗುರಿನಲ್ಲಿ ಸಿಕ್ಕ ಡಿಎನ್‌ಎ ಒಬ್ಬನನ್ನು ಜೈಲಿಗೆ ಕಳಿಸಿತು. ಆ ರಾತ್ರಿ ಅವನು ಆಸ್ಪತ್ರೆಯಲ್ಲಿದ್ದ! ಅವನನ್ನು ಉಪಚರಿಸಿದ್ದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆಯಾದ ಮನೆಗೂ ಹೋಗಿದ್ದರು. ಜರ್ಮನಿಯ ಪೊಲೀಸರು ಅನೇಕ ಅಪರಾಧಗಳಲ್ಲಿ ಒಬ್ಬಳೇ ಹೆಂಗಸಿನ ಜಾಡು ಹಿಡಿದು ವರ್ಷಗಟ್ಟಲೆ ಅಲೆದರು. 2009ರಲ್ಲಿ ಗೊತ್ತಾಗಿದ್ದು, ಅದು ಮಾದರಿ ತೆಗೆಯುವ ಹತ್ತಿಕಡ್ಡಿಯನ್ನು ಪ್ಯಾಕ್ ಮಾಡಿದ ಕೆಲಸಗಾರ್ತಿಯ ಡಿಎನ್‌ಎ. ಕಡ್ಡಿಗಳು ಕ್ರಿಮಿಮುಕ್ತವಾಗಿದ್ದವು, ಆದರೆ ಕ್ರಿಮಿ ಕೊಂದ ಮಾತ್ರಕ್ಕೆ ಡಿಎನ್‌ಎ ಅಳಿಯುವುದಿಲ್ಲ.

ವಕೀಲರಾಗಿ ಕೇಳುತ್ತಿದ್ದರೆ ಸಾರಾಂಶದ ಹಾಳೆಗೆ ತೃಪ್ತರಾಗಬೇಡಿ. ಮೂಲ ಗ್ರಾಫ್ ಕೇಳಿ, ಎಷ್ಟು ಪಿಕೋಗ್ರಾಂ ಸಿಕ್ಕಿತ್ತು, ಎಷ್ಟು ಜನರ ಬೆರಕೆ ಎಂದು ಲೆಕ್ಕ ಹಿಡಿದರು ಎಂದು ಕೇಳಿ. ಡಿಎನ್‌ಎ ಹಾಕದೆ ನಡೆಸುವ ಖಾಲಿ ಪರೀಕ್ಷೆಯ ಫಲಿತಾಂಶ ನಾನಾದರೆ ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ಅದರಲ್ಲಿ ಶಿಖರ ಎದ್ದಿದ್ದರೆ ಮಾಲಿನ್ಯ ಪ್ರಯೋಗಾಲಯದ ಒಳಗೇ ಆಗಿದೆ. ರಕ್ತ ಒಣಗುವ ಮೊದಲೇ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರೆ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ತುಂಡಾಗಿರುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕುವುದು ಸರಿಯಾದ ಕ್ರಮ. ಚಾಕುವನ್ನೂ ಆರೋಪಿಯ ಅಂಗಿಯನ್ನೂ ಒಂದೇ ಚೀಲದಲ್ಲಿ ತಂದಿದ್ದರೆ, ಅಥವಾ ಕೈಗವಸು ಬದಲಿಸದೆ ಎರಡನ್ನೂ ಮುಟ್ಟಿದ್ದರೆ, ಹಿಡಿಯ ಮೇಲಿನ ಆ ಹದಿನೈದು ಕೋಶಗಳು ಅಂಗಿಯಿಂದಲೇ ಬಂದಿರಬಹುದು.