ಪ್ರವಾಸ ಮುಗಿದರೂ ಕವಿತೆ ಬರಲಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರವಾಸದಿಂದ ಸ್ಫೂರ್ತಿ ದೊರೆಯುತ್ತದೆಂದು ಹಿರಿಯರು ಹೇಳಿದ್ದನ್ನು ನಂಬಿ ಬೆಟ್ಟ, ಕಡಲು, ಹಳೆಯ ಪಟ್ಟಣಗಳನ್ನು ನೋಡಿ ಬಂದೆ. ನೋಡುವಾಗ ಮನಸ್ಸು ತುಂಬಿ ಬರುತ್ತದೆ. ಆದರೆ ಬರೆಯಲು ಕುಳಿತರೆ ಎಲ್ಲರೂ ಬರೆಯುವಂಥ ಸಾಲುಗಳೇ ಮೂಡುತ್ತವೆ. ನನ್ನಲ್ಲಿ ಪ್ರತಿಭೆ ಇಲ್ಲವೆಂದು ತಿಳಿಯಬೇಕೆ?

ಉತ್ತರ: ಪ್ರತಿಭೆಯ ಮಾತನ್ನು ಸದ್ಯಕ್ಕೆ ಬದಿಗಿಡೋಣ, ಒಂದು ಪತ್ರವನ್ನು ಓದಿ ಅದನ್ನು ಯಾರೂ ಅಳೆಯಲಾರರು. ನಿಮ್ಮ ಪತ್ರದಲ್ಲಿ ಎದ್ದು ಕಾಣುವುದು ಅವಸರ. ನೋಡಿದ್ದು ನೋಡಿದಂತೆಯೇ ಕವಿತೆಯಾಗಬೇಕೆಂದು ನೀವು ನಿರೀಕ್ಷಿಸುತ್ತಿದ್ದೀರಿ. ಕಂಡದ್ದಕ್ಕೂ ಬರೆದದ್ದಕ್ಕೂ ನಡುವೆ ಇರಬೇಕಾದ ಕಾಲವನ್ನು ನೀವು ಕೊಟ್ಟಂತೆ ತೋರುವುದಿಲ್ಲ.

ಇಂಗ್ಲೆಂಡಿನ ಕವಿ ವಿಲಿಯಂ ವರ್ಡ್ಸ್‌ವರ್ತ್ 1802ರ ಏಪ್ರಿಲ್ 15ರಂದು ತಂಗಿ ಡೊರೊಥಿಯೊಡನೆ ಸರೋವರದ ದಂಡೆಯಲ್ಲಿ ನಡೆದು ಬರುತ್ತಿದ್ದಾಗ ಗಾಳಿಗೆ ತೂಗುತ್ತಿದ್ದ ಡ್ಯಾಫೊಡಿಲ್ ಹೂಗಳನ್ನು ಕಂಡ. ಆ ದಿನದ ನೋಟವನ್ನು ದಿನಚರಿಯಲ್ಲಿ ಬರೆದಿಟ್ಟವಳು ಡೊರೊಥಿ. ಕೆಲವು ಹೂಗಳು ದಣಿದವರಂತೆ ಕಲ್ಲಿನ ಮೇಲೆ ತಲೆಯಿಟ್ಟಿದ್ದವೆಂಬ ವಿವರವನ್ನೂ ಅವಳು ಬಿಡಲಿಲ್ಲ. ಅಣ್ಣ ಕವಿತೆ ಬರೆದದ್ದು ಸುಮಾರು ಎರಡು ವರ್ಷಗಳ ಬಳಿಕ, ಅದು ಅಚ್ಚಾದದ್ದು 1807ರಲ್ಲಿ. ಕವಿತೆಯೊಳಗೆ ಅಲೆಯುವವನು ಒಂಟಿ, ತಂಗಿಯ ಸುಳಿವೇ ಇಲ್ಲ. (ಅವಳಿಗೆ ಸಲ್ಲಬೇಕಾದ ಪಾಲು ಸಂದಿತೇ ಎಂಬುದು ಬೇರೆಯೇ ತಕರಾರು.) ಹೂಗಳ ನಿಜವಾದ ಸಂಪತ್ತು ಕೈಗೆ ಬಂದದ್ದು ನೋಡಿದ ಗಳಿಗೆಯಲ್ಲಲ್ಲ, ಆಮೇಲೆ ಸುಮ್ಮನೆ ಒರಗಿದ್ದಾಗ ಎಂಬುದೇ ಆ ಕವಿತೆಯ ಹುರುಳು.

ಜಪಾನಿನ ಕವಿ ಬಾಶೋ 1689ರಲ್ಲಿ ಶಿಷ್ಯ ಸೋರಾನೊಡನೆ ಉತ್ತರದ ಸೀಮೆಗೆ, ಬಹುಪಾಲು ಕಾಲ್ನಡಿಗೆಯಲ್ಲಿ, ಯಾತ್ರೆ ಹೋದ. ಆ ಯಾತ್ರೆಯ ಬರಹವನ್ನು ವರ್ಷಗಟ್ಟಲೆ ತಿದ್ದಿದ. 1694ರಲ್ಲಿ ಅವನು ತೀರಿಕೊಂಡ ಮೇಲೆ, 1702ರಲ್ಲಿ ಅದು ಪುಸ್ತಕವಾಯಿತು. 1943ರಲ್ಲಿ ಸೋರಾನ ದಿನಚರಿ ಬೆಳಕಿಗೆ ಬಂದಾಗ, ಗುರು ಕೆಲವೆಡೆ ದಿನಗಳನ್ನೂ ಘಟನೆಗಳನ್ನೂ ಕೃತಿಯ ಅಗತ್ಯಕ್ಕೆ ತಕ್ಕಂತೆ ಬದಲಿಸಿದ್ದುದು ತಿಳಿಯಿತು. ಇದನ್ನು ಸುಳ್ಳೆನ್ನುವವರು ದಿನಚರಿಗೂ ಕಾವ್ಯಕ್ಕೂ ಒಂದೇ ಕೆಲಸವೆಂದು ಭಾವಿಸಿರುತ್ತಾರೆ. ನಮ್ಮ ಪಂಪನೂ ತನ್ನ ಭಾರತದಲ್ಲಿ ಬನವಾಸಿಯನ್ನು ಹಾಡಿದ್ದು ದೂರದ ಅರಸನ ಆಸ್ಥಾನದಲ್ಲಿದ್ದುಕೊಂಡು, ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ನೆಪವಾಗಿಟ್ಟುಕೊಂಡು.

ಹಾಗೆಂದು ಹೋದಲ್ಲಿ ಏನನ್ನೂ ಬರೆದುಕೊಳ್ಳದೆ ನೆನಪನ್ನೇ ನಂಬಿರಿ ಎನ್ನಲಾರೆ. ನೆನಪು ಭಾವವನ್ನು ಉಳಿಸಿಕೊಂಡು ವಿವರವನ್ನು ಬಲುಬೇಗ ಕಳೆಯುತ್ತದೆ, ವಿವರ ಕಳೆದಾಗಲೇ ಎಲ್ಲರ ಸಾಲುಗಳು ನುಗ್ಗುತ್ತವೆ. ಆದುದರಿಂದ ಜೇಬಿನಲ್ಲೊಂದು ಪುಸ್ತಕವಿರಲಿ. ಅದರಲ್ಲಿ ‘ಸುಂದರ’, ‘ಅದ್ಭುತ’, ‘ವರ್ಣನಾತೀತ’ ಎಂಬ ಪದಗಳಿಗೆ ಪ್ರವೇಶ ಬೇಡ. ಪಕ್ಕದ ಸೀಟಿನವರು ಆಡಿದ ಮಾತು, ಮಳೆ ಬರುವ ಮುಂಚಿನ ವಾಸನೆ, ದಾರಿ ತಪ್ಪಿದಾಗ ಹುಟ್ಟಿದ ಸಿಡುಕು, ಪ್ರಸಿದ್ಧ ಸ್ಥಳಕ್ಕೆ ಬೆನ್ನು ಮಾಡಿ ನಿಂತಾಗ ಕಂಡದ್ದು, ಇವನ್ನು ಗದ್ಯದಲ್ಲಿಯೇ ಗುರುತು ಹಾಕಿಕೊಳ್ಳಿ. ಪ್ರಸಿದ್ಧ ಸ್ಥಳಗಳನ್ನು ನಾವು ಚಿತ್ರಗಳಲ್ಲಿ ಮೊದಲೇ ನೋಡಿರುತ್ತೇವೆ; ಅಲ್ಲಿಗೆ ಹೋದಾಗ ಆ ಚಿತ್ರವನ್ನೇ ಮತ್ತೆ ನೋಡಿ ಬರುತ್ತೇವೆ. ಯಾರೂ ಚಿತ್ರ ತೆಗೆಯದ ಕಡೆ, ಅಂದರೆ ಕಾಯುವ, ಬೇಸರಪಡುವ, ಅಪರಿಚಿತರೊಡನೆ ಜಾಗ ಹಂಚಿಕೊಳ್ಳುವ ಹೊತ್ತಿನಲ್ಲಿ, ನಿಮ್ಮ ಕಣ್ಣೇ ಕೆಲಸ ಮಾಡಬೇಕಾಗುತ್ತದೆ. ಕೆಲವು ತಿಂಗಳು ಬಿಟ್ಟು ಆ ಪುಸ್ತಕವನ್ನು ತೆರೆಯಿರಿ. ಓದುವಾಗ ಯಾವ ಟಿಪ್ಪಣಿ ಇನ್ನೂ ಕಾಡುತ್ತದೆಯೋ ಅದೊಂದರಿಂದಲೇ ತೊಡಗಿ, ಉಳಿದ ಊರುಗಳನ್ನೆಲ್ಲ ಕವಿತೆಗೆ ತುರುಕುವ ಆಸೆಯನ್ನು ಬಿಡಿ.

ಪ್ರಶ್ನೆ: ಮನೆಯ ಹೊಣೆಗಳಿಂದ ಎಲ್ಲಿಗೂ ಹೋಗಲಾಗದವಳು ನಾನು. ಕವಿಯಾಗಲು ಪ್ರವಾಸ ಅನಿವಾರ್ಯವೇ?

ಉತ್ತರ: ಅಲ್ಲವೇ ಅಲ್ಲ. ಅಮೆರಿಕದ ಎಮಿಲಿ ಡಿಕಿನ್ಸನ್ ಬದುಕಿನ ಬಹುಭಾಗವನ್ನು ಹುಟ್ಟಿದೂರಿನಲ್ಲಿ, ಕೊನೆಯ ವರ್ಷಗಳನ್ನು ಮನೆಯ ಆವರಣದೊಳಗೇ ಕಳೆದು, ಸುಮಾರು 1,800 ಕವಿತೆಗಳನ್ನು ಬರೆದರು. ಪ್ರವಾಸ ಮಾಡುವ ಉಪಕಾರವೆಂದರೆ ರೂಢಿಯಿಂದ ಮಂಕಾದ ಗಮನವನ್ನು ಎಚ್ಚರಿಸುವುದು. ಆ ಎಚ್ಚರ ಅನ್ಯಭಾಷೆಯ ಕಾವ್ಯವನ್ನು ನಿಧಾನವಾಗಿ ಓದುವುದರಿಂದಲೂ, ಇಷ್ಟವಾದ ಹತ್ತು ಸಾಲುಗಳನ್ನು ಅನುವಾದಿಸಲು ಹೆಣಗುವುದರಿಂದಲೂ ಬರುತ್ತದೆ. ಮೇಲಿನ ಪತ್ರದವರಿಗೆ ಹೇಳಿದ ಟಿಪ್ಪಣಿಯ ಕ್ರಮ ನಿಮಗೂ ಸಲ್ಲುತ್ತದೆ. ದಿನವೂ ನೋಡುವ ಒಂದೇ ಕಿಟಕಿಯನ್ನು ಆರಿಸಿಕೊಂಡು, ನಿನ್ನೆ ಬರೆದದ್ದನ್ನು ಇಂದು ಪುನರಾವರ್ತಿಸದಿರುವ ನಿಯಮವನ್ನು ಅದಕ್ಕೆ ಸೇರಿಸಿಕೊಳ್ಳಿ. ಮೊದಲ ವಾರ ಇದು ಸುಲಭ, ಮೂರನೆಯ ವಾರದಿಂದ ಕಷ್ಟ; ಆ ಕಷ್ಟದ ದಿನಗಳ ಟಿಪ್ಪಣಿಗಳನ್ನೇ ಜೋಪಾನವಾಗಿಡಿ.