32 ಪುಟಗಳ ಕಥೆ 6 ಪುಟಗಳಲ್ಲಿ ಹಿಡಿಸೀತೇ?

ನಾಲ್ಕು ವರ್ಷದ ಮಗಳಿರುವ ಓದುಗರೊಬ್ಬರು ಬರೆದಿದ್ದಾರೆ: ಹೆಸರಾಂತ ಚಿತ್ರಪುಸ್ತಕಗಳ ಕಥೆಗಳೆಲ್ಲ ಒಂದೇ ಕಡೆ ಸಿಗುವ ದೊಡ್ಡ ಸಂಕಲನವೊಂದನ್ನು ಕೊಳ್ಳಬೇಕೆಂದಿದ್ದಾರೆ. ಬಿಡಿ ಪುಸ್ತಕವಾದರೆ ಹತ್ತು ನಿಮಿಷದಲ್ಲಿ ಮುಗಿದುಹೋಗಿ ದುಡ್ಡು ದಂಡವೆನಿಸುತ್ತದಂತೆ. ಎಂಥ ಸಂಕಲನವನ್ನು ಆರಿಸಬೇಕು, ತೋಳ ಅಜ್ಜಿಯನ್ನು ನುಂಗುವಂಥ ಕಥೆಗಳನ್ನು ಮೆದುಗೊಳಿಸಿದ ಆವೃತ್ತಿಯೇ ಮೇಲೇ ಎಂಬುದು ಅವರ ಪ್ರಶ್ನೆ.

ನಿಮ್ಮ ಲೆಕ್ಕಾಚಾರವನ್ನು ತಪ್ಪೆನ್ನಲಾರೆ. ಒಂದೇ ರಟ್ಟಿನೊಳಗೆ ಹತ್ತಿಪ್ಪತ್ತು ಕಥೆಗಳು ಸಿಗುತ್ತವೆ, ಪ್ರಯಾಣಕ್ಕೆ ಅನುಕೂಲ, ಕಪಾಟಿನಲ್ಲಿ ಜಾಗವೂ ಉಳಿಯುತ್ತದೆ. ಆದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆಂಬ ಮಾತಿಗೆ ನನ್ನ ತಕರಾರಿದೆ. ಪುಸ್ತಕ ಮುಗಿಯುವುದು ನಿಮ್ಮ ಪಾಲಿಗೆ, ‘ಇನ್ನೊಂದು ಸಲ’ ಎನ್ನುವ ಮಗುವಿನ ಪಾಲಿಗಲ್ಲ.

ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟಗಳವು. ಮುದ್ರಣದ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದಾಗ ಎಂಟರ, ಹದಿನಾರರ ಲೆಕ್ಕದಲ್ಲಿ ಪುಟಗಳು ಬರುವುದರಿಂದ ಬೆಳೆದ ರೂಢಿಯಿದು. ಒಳ್ಳೆಯ ಕಲಾವಿದರು ಈ ಕಟ್ಟಳೆಯೊಳಗೇ ಕಥೆಯನ್ನು ಹೆಣೆಯುತ್ತಾರೆ. ಪುಟ ಮಗುಚುವ ಮುನ್ನ ಏನು ಕಾಣಬೇಕು, ಮಗುಚಿದ ಮೇಲೆ ಏನು ಕಾಣಬೇಕು ಎಂಬುದರಲ್ಲೇ ಅವರ ಕಸುಬುಗಾರಿಕೆಯೆಲ್ಲ ಇರುತ್ತದೆ. ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ಪುಸ್ತಕವನ್ನೇ ನೋಡಿ. ಕೋಳಿಯೊಂದು ಅಂಗಳ, ಕೊಳ, ಹುಲ್ಲಿನ ಮೆದೆಗಳನ್ನು ಹಾದು ಊಟದ ಹೊತ್ತಿಗೆ ಗೂಡು ಸೇರುತ್ತದೆ ಎಂಬ ಒಂದೇ ವಾಕ್ಯ ಅದರ ಪಠ್ಯ. ಕೋಳಿಯ ಬೆನ್ನು ಬಿದ್ದ ನರಿಯ ಸುದ್ದಿಯನ್ನು ಆ ವಾಕ್ಯ ಎತ್ತುವುದೇ ಇಲ್ಲ. ಒಂದು ಪುಟದಲ್ಲಿ ನರಿ ಮೇಲೆ ಎರಗುತ್ತಿರುತ್ತದೆ. ಮಗುಚಿದರೆ, ಕಸ ಗೋರುವ ಕೋಲು ಎದ್ದು ಅದರ ಮೂತಿಗೇ ಬಡಿದಿರುತ್ತದೆ.

ಗ್ರಂಥಾಲಯವೊಂದರಲ್ಲಿ ಹಿರಿಯರೊಬ್ಬರು ಇದನ್ನು ಓದಿಹೇಳುತ್ತಿದ್ದುದನ್ನು ನೋಡಿದ್ದೇನೆ. ಅವರ ಕಣ್ಣು ಅಕ್ಷರಗಳ ಮೇಲಿತ್ತು. ಅಕ್ಷರ ಬಾರದ ಹುಡುಗ ಅವರ ಕೈಯನ್ನು ತನ್ನ ಎರಡೂ ಕೈಗಳಿಂದ ಅದುಮಿ ಹಿಡಿದು, ಪುಟ ಮಗುಚಲು ಬಿಡದೆ, ‘ಕೋಳಿಗೆ ಗೊತ್ತೇ ಇಲ್ಲ, ಗೊತ್ತೇ ಇಲ್ಲ’ ಎಂದು ಪಿಸುಗುಟ್ಟುತ್ತಿದ್ದ. ಇಂಥ ಕಥೆಯ ನಾಲ್ಕು ಚಿತ್ರಗಳನ್ನು ಕುಗ್ಗಿಸಿ ಒಂದೇ ಪುಟಕ್ಕೆ ತುರುಕಿದರೆ ನರಿ ಎರಗುವುದೂ ಪೆಟ್ಟು ತಿನ್ನುವುದೂ ಒಟ್ಟಿಗೇ ಕಂಡುಬಿಡುತ್ತವೆ. ಆ ಹುಡುಗನಿಗೆ ಅದುಮಿ ಹಿಡಿಯಲು ಏನೂ ಉಳಿಯುವುದಿಲ್ಲ.

ಮೋರಿಸ್ ಸೆಂಡಾಕ್ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ (1963) ಪುಸ್ತಕದಲ್ಲಿ ಹುಡುಗನ ಕಲ್ಪನೆ ಬೆಳೆದಂತೆ ಚಿತ್ರವೂ ಪುಟದಿಂದ ಪುಟಕ್ಕೆ ಹಿಗ್ಗಿ, ಬಿಳಿಯ ಅಂಚನ್ನು ನುಂಗಿ, ಕಡೆಗೆ ಅಕ್ಷರಗಳನ್ನೇ ಹೊರದೂಡಿ ಜೋಡಿಪುಟಗಳನ್ನು ಪೂರಾ ಆವರಿಸುತ್ತದೆ. ಕೊನೆಯ ಪುಟದಲ್ಲಿ ಮಾತ್ರ ಚಿತ್ರವೇ ಇಲ್ಲ. ಬೀಟ್ರಿಕ್ಸ್ ಪಾಟರ್ ತಮ್ಮ ಮೊಲದ ಕಥೆಯನ್ನು 1901ರಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದಾಗ ಅದು ಎಳೆಯ ಕೈಗಳಿಗೆ ಹಿಡಿಸುವಷ್ಟು ಪುಟ್ಟದಿರಬೇಕೆಂದೇ ಬಯಸಿದ್ದರು. ಅದೇ ಕಥೆಯನ್ನು ಮಗು ಎತ್ತಲಾರದ ಸಂಪುಟದಲ್ಲಿ ಸೇರಿಸಿ ಮಾರುವವರಿಗೆ ಏನೆನ್ನೋಣ?

ಹಾಗೆಂದು ಸಂಕಲನಗಳನ್ನೆಲ್ಲ ಹೊರಗಿಡಬೇಕಿಲ್ಲ. ಜನಪದ ಕಥೆಗಳಿಗೆ ಸಂಕಲನವೇ ತವರುಮನೆ. ಬಾಯಿಂದ ಬಾಯಿಗೆ ಬಂದ ಕಥೆ ಚಿತ್ರವಿಲ್ಲದೆಯೂ ನಿಲ್ಲಬಲ್ಲದು. ಗ್ರಿಮ್ ಸಹೋದರರು 1812ರಲ್ಲಿ ಹೊರತಂದದ್ದೂ ಸಂಕಲನವನ್ನೇ. ಆದ್ದರಿಂದ ತೋಳ, ಮಲತಾಯಿ, ಮಾಟಗಾತಿಯರ ಕಥೆಗಳಿಗಾಗಿ ಒಂದನ್ನು ಧಾರಾಳವಾಗಿ ಕೊಳ್ಳಿ, ಆದರೆ ಮೆದುಗೊಳಿಸಿದ್ದು ಬೇಡ. ಚಾರ್ಲ್ಸ್ ಪೆರೋ 1697ರಲ್ಲಿ ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ಪ್ರಕಟಿಸಿದಾಗ ತೋಳ ಅವಳನ್ನು ನುಂಗುವಲ್ಲಿಗೇ ಕಥೆ ಮುಗಿದಿತ್ತು. ಗ್ರಿಮ್ ಸಹೋದರರ ಕಥೆಯಲ್ಲಿ ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಬದುಕಿಸಿದ. ಕಥೆ ಬದಲಾಗುವುದು ಹೊಸದೇನಲ್ಲ, ಸರಿ. ಆದರೆ ಅಲ್ಲಿ ಭಯವನ್ನು ಪೂರ್ತಿ ಉಂಡ ಮೇಲೆ ಬಿಡುಗಡೆ ಸಿಗುತ್ತದೆ. ಈಗಿನವರು ಅಜ್ಜಿಯನ್ನು ಬೀರುವಿನಲ್ಲಿ ಅಡಗಿಸಿ ತೋಳವನ್ನು ಓಡಿಸಿಬಿಡುತ್ತಾರೆ. ಯಾರನ್ನೂ ನುಂಗದ ತೋಳಕ್ಕೆ ಅಷ್ಟು ದೊಡ್ಡ ಬಾಯಿ ಏಕೆಂದು ನಿಮ್ಮ ಮಗಳೇ ಕೇಳಿಯಾಳು.

ನಿಮ್ಮೊಬ್ಬರನ್ನೇ ದೂರಿ ಫಲವಿಲ್ಲ. ಮಕ್ಕಳ ಪುಸ್ತಕವನ್ನು ತೂಕದ ಮೇಲೆ, ಕಥೆಗಳ ಎಣಿಕೆಯ ಮೇಲೆ ಕೊಳ್ಳುವ ಚಾಳಿ ಎಲ್ಲರದು. ಕಥೆಯ ಬಾಲಕ್ಕೊಂದು ನೀತಿಯ ಚೌಕ ಅಂಟಿಸದಿದ್ದರೆ ಪ್ರಕಾಶಕರಿಗೆ ನೆಮ್ಮದಿಯಿಲ್ಲ. ನಮ್ಮ ಮೇಜಿಗೆ ಬರುವ ವಿಮರ್ಶೆಗಳಾದರೂ ಹೇಗಿರುತ್ತವೆ? ಮೂರು ಪ್ಯಾರಾ ಕಥಾಸಾರ, ಕೊನೆಗೆ ‘ಚಿತ್ರಗಳು ಮುದ್ದಾಗಿವೆ’ ಎಂಬ ಒಂದು ಸಾಲು, ಬರೆದ ಕಲಾವಿದರ ಹೆಸರಿಲ್ಲ. ಓದಲು ಬಾರದವರಿಗೆಂದೇ ಮಾಡಿದ ಪುಸ್ತಕಕ್ಕೆ ಅಕ್ಷರವಷ್ಟನ್ನೇ ನೋಡಿ ಬೆಲೆ ಕಟ್ಟುವವರು ನಾವು.

ಅಂಗಡಿಯಲ್ಲಿ ಸಂಕಲನ ಕೈಗೆತ್ತಿಕೊಂಡಾಗ ನಿಮಗೆ ಮೊದಲೇ ಗೊತ್ತಿರುವ ಕಥೆಯೊಂದನ್ನು ತೆರೆದು, ಮೂಲದ ಎಷ್ಟು ಚಿತ್ರಗಳು ಉಳಿದಿವೆ ನೋಡಿ. ಕಲಾವಿದರ ಹೆಸರು ಎಲ್ಲೂ ಕಾಣದಿದ್ದರೆ ಅಲ್ಲೇ ಇಟ್ಟುಬಿಡಿ. ಆ ದುಡ್ಡಿಗೆ ಎರಡು ಬಿಡಿ ಪುಸ್ತಕ ಬಂದರೂ ಸಾಕು. ನೀವು ಒಂದು ಶಬ್ದ ಹಾರಿಸಿದರೂ ಮಗಳು ತಡೆದು ತಿದ್ದುವವರೆಗೆ ಅವನ್ನೇ ಓದಿ. ಮೂರನೆಯದು ಯಾವುದಿರಲಿ ಎಂದು ಆಗ ಬರೆದು ಕೇಳಿ.