ಹುಣಸೆಬೀಜದ ಡಬ್ಬಿ ಬೀರುವಿನಲ್ಲೇಕೆ?

ಅರಸೀಕೆರೆ ಕಡೆಯ ಎಲ್‌ಕೆಜಿ ಮಿಸ್ ಒಬ್ಬರು ಪತ್ರ ಬರೆದಿದ್ದಾರೆ. ಗಣಿತದಲ್ಲಿ ಎಂಎಸ್ಸಿ, ಮೇಲೊಂದು ಬಿಎಡ್. ಖಾಸಗಿ ಶಾಲೆಯ ಚಿಳ್ಳೆಪಿಳ್ಳೆಗಳ ಜೊತೆ ಆರು ವರ್ಷ ಕಳೆದಿದ್ದಾರೆ. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ವಾರಗಿತ್ತಿ, ‘ಮೂಗು ಒರೆಸೋಕೆ ಎಂಎಸ್ಸಿ ಬೇಕಿತ್ತಾ?’ ಅಂದರಂತೆ. ಪಕ್ಕದಲ್ಲಿದ್ದ ಗಂಡ ನಕ್ಕರಂತೆ. ‘ನನ್ನ ಓದು ದಂಡವಾಯಿತೇ? ಹೈಸ್ಕೂಲ್ ಹುದ್ದೆಗೆ ಅರ್ಜಿ ಹಾಕಲೇ?’ ಎಂದು ಕೇಳಿದ್ದಾರೆ.

ವಾರಗಿತ್ತಿಯನ್ನು ಬಿಡಿ ತಂಗಿ. ಎಲೆ ಎತ್ತುವ ಹೊತ್ತಿಗೆ ಆ ಮಾತು ಅವರಿಗೇ ಮರೆತಿರುತ್ತದೆ. ನನಗೆ ಸಿಟ್ಟು ಬಂದದ್ದು ನಿಮ್ಮ ಯಜಮಾನರ ಮೇಲೆ. ನಿಮ್ಮ ಸಂಬಳದಿಂದ ಮನೆಯ ಕಂತು ಕಟ್ಟುವ ಮನುಷ್ಯ ಆ ಮಾತಿಗೆ ನಗುವುದೇ?

ಅದಿರಲಿ. ಪತ್ರದ ಕೊನೆಯಲ್ಲಿ ನೀವು ಹಾಗೇ ದಾಟಿಸಿದ ಒಂದು ಸಾಲಿದೆ: ‘ಹೆಡ್‌ಮಿಸ್ ರೌಂಡ್ಸ್ ಮುಗಿಸಿ ಹೋದ ಮೇಲೆ ಕಾಪಿ ಪುಸ್ತಕ ಎತ್ತಿಟ್ಟು, ಬೀರುವಿನಿಂದ ಹುಣಸೆಬೀಜದ ಡಬ್ಬಿ ತೆಗೆಯುತ್ತೇನೆ.’ ನಿಮ್ಮ ಸಂಕಟವೆಲ್ಲ ಆ ಡಬ್ಬಿಯಲ್ಲಿದೆ. ನಿಜವಾದ ಪಾಠವನ್ನು ಕಳ್ಳತನದಲ್ಲಿ ಮಾಡುವವರಿಗೆ ತಮ್ಮ ಕೆಲಸದ ಮೇಲೆ ಗೌರವ ಹುಟ್ಟುವುದಾದರೂ ಹೇಗೆ?

ಐದು ಬೀಜವನ್ನು ಒತ್ತೊತ್ತಾಗಿಟ್ಟರೂ ಹರಡಿಟ್ಟರೂ ಐದೇ ಎನ್ನುವುದು ನಾಲ್ಕು ವರ್ಷದ ಮಗುವಿಗೆ ಸುಲಭವಾಗಿ ಹೊಳೆಯುವುದಿಲ್ಲ. ಹರಡಿದರೆ ‘ಜಾಸ್ತಿ ಆಯ್ತು’ ಅನ್ನುತ್ತದೆ. ಅದನ್ನು ತಪ್ಪು ಅನ್ನದೆ, ಮತ್ತೆ ಜೋಡಿಸು ಅಂತ ಕೊಟ್ಟು ಕಾಯಲು ಗಣಿತ ಬಲ್ಲವರೇ ಬೇಕು. ನಿಮ್ಮ ಎಂಎಸ್ಸಿ ಖರ್ಚಾಗುತ್ತಿರುವುದು ಅಲ್ಲಿ. ಭಾವನಗರದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದವರು. ಗುಜರಾತಿನಲ್ಲಿ ಅವರನ್ನು ಮೀಸೆಯ ತಾಯಿ ಎಂದು ಇಂದಿಗೂ ನೆನೆಯುತ್ತಾರೆ. ಅವರ ಲಾ ಓದು ದಂಡವಾಯಿತೆಂದು ಯಾರೂ ಅಳಲಿಲ್ಲ.

ಇನ್ನು ಆ ಕಾಪಿ ಪುಸ್ತಕ. ಈ ಅಂಕಣ ಓದುವವರಿಗೆ ನನ್ನ ಹಳೇ ಜಗಳ ಗೊತ್ತು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಹಲವು ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿಯೇ ಇರುವುದಿಲ್ಲ. ಅಂಥ ಕೈಯಿಂದ ಕರ್ಸಿವ್ ಬರೆಸಿ ಅಪ್ಪ ಅಮ್ಮ ವಾಟ್ಸಾಪ್‌ಗೆ ಹಾಕಿಕೊಳ್ಳುತ್ತಾರೆ! 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷವನ್ನು ಬುನಾದಿ ಹಂತವೆಂದು ಕರೆದು ಆಟದ ಕಲಿಕೆಗೆ ಒತ್ತು ಕೊಟ್ಟಿದೆ. ನಿಮ್ಮ ಹೆಡ್‌ಮಿಸ್ ಹೆದರಿರುವುದು ಪಾಲಕರಿಗೆ, ಅಷ್ಟೆ.

ಆದ್ದರಿಂದ ಒಂದೇ ಕೆಲಸ ಹೇಳುತ್ತೇನೆ. ಮುಂದಿನ ಪಾಲಕರ ಸಭೆಯಲ್ಲಿ ಡಬ್ಬಿಯನ್ನು ಹೊರಗೆ ತನ್ನಿ. ಅಪ್ಪ ಅಮ್ಮಂದಿರನ್ನು ಚಾಪೆಯ ಮೇಲೆ ಕೂರಿಸಿ, ಅವರ ಮಗು ಬೀಜ ಗುಂಪು ಮಾಡುವುದನ್ನು ಎದುರಿಗೇ ತೋರಿಸಿ. ಹೆಡ್‌ಮಿಸ್‌ಗೆ ಹಿಂದಿನ ದಿನವೇ ತಿಳಿಸಿರಿ. ಬೀಜ ಎಣಿಸಿ ಕೊಡಿ, ಎಣಿಸಿಯೇ ವಾಪಸ್ ಪಡೆಯಿರಿ. ಮೂಗಿಗೆ ತುರುಕಿಕೊಳ್ಳುವ ವಯಸ್ಸು. ಯಜಮಾನರನ್ನೂ ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂರಿಸಿ.

ಹೈಸ್ಕೂಲ್ ಅರ್ಜಿಯ ಮಾತು ಅದಾದ ಮೇಲೆ ಆಡೋಣ.